ಕಳ್ಳಿಬೇಲಿಯಿಂದ ಕಾಣದ ಬೇಲಿಯವರೆಗೆ

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಊರು ಬಿಟ್ಟು ಮಹಾನಗರ ಸೇರಿದ ಮೇಲೆ ಗಾದೆ ನಾಲಗೆಯ ಮೇಲೆ ಉಳಿಯಿತು, ಬೇಲಿ ಕಣ್ಣಿಗೆ ಮರೆಯಾಯಿತು. ನಮ್ಮ ಮಕ್ಕಳಿಗಂತೂ ಬೇಲಿಯೆಂದರೆ ಹೌಸಿಂಗ್ ಸೊಸೈಟಿಯ ಕಾಂಪೌಂಡು ಗೋಡೆಯೇ ಸರಿ. ಈ ಗಾದೆಯ ಅರ್ಧ ಭಾಗ ಈಗ ನಿಜವಾಗಿದೆ ಎಂದರೆ ಓದುಗರು ನಂಬುವರೋ ಇಲ್ಲವೋ! ನ್ಯೂಜಿಲೆಂಡ್ ದೇಶದ ಕೆಲವು ಹೈನುಗಾರರ ಹುಲ್ಲುಗಾವಲಿನಲ್ಲಿ ಬೇಲಿ ಹೊಲ ಮೇಯುವುದಿಲ್ಲ, ಆದರೆ ಎದ್ದು ನಡೆದಾಡುತ್ತದೆ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ. ಅದು ಕಣ್ಣಿಗೆ ಕಾಣುವುದೂ ಇಲ್ಲ. ಈ ಅದೃಶ್ಯ ಬೇಲಿ ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಹಳ್ಳಿಗಳಲ್ಲಿ ಬೇಲಿ ಇದ್ದದ್ದು ಬೆಳೆಯ ಸುತ್ತ, ದನದ ಸುತ್ತ ಅಲ್ಲ. ಬಯಲುಸೀಮೆಯಲ್ಲಿ ಕಳ್ಳಿ, ಕತ್ತಾಳೆ, ಜಾಲಿಮುಳ್ಳು, ಮಲೆನಾಡಿನಲ್ಲಿ ಮುಳ್ಳುಬೇಲಿ, ಅದಕ್ಕೊಂದು ಉಣುಗೋಲು, ಕರಾವಳಿಯಲ್ಲಿ ಪಾಗಾರ. ದನಕ್ಕೆ ಇದ್ದದ್ದು ಮೂರೇ ವಸ್ತು: ಎಲ್ಲಿದೆಯೆಂದು ತಿಳಿಯಲು ಕೊರಳಿಗೊಂದು ಗಂಟೆ, ತುಂಟ ದನವಾದರೆ ಓಡದಂತೆ ಕೊರಳಿಗೆ ತೂಗುಹಾಕಿದ ಮರದ ತುಂಡು, ದಾರಿ ತಪ್ಪಿದಾಗ ಹಿಂದಕ್ಕೆ ತಿರುಗಿಸಲು ಕಾಯುವವನ ಕೂಗು. ಇವೆಲ್ಲವನ್ನೂ ಮೀರಿ ಪರರ ಹೊಲಕ್ಕೆ ನುಗ್ಗಿದ ದನಕ್ಕೆ ದೊಡ್ಡಿ ಕಾದಿರುತ್ತಿತ್ತು. ಉತ್ತರ ಕರ್ನಾಟಕದವರು ಅದನ್ನೇ ಕೊಂಡವಾಡ ಎಂದರು. ಬ್ರಿಟಿಷ್ ಸರ್ಕಾರ 1871ರಲ್ಲಿ ಈ ವಿಷಯಕ್ಕೆಂದೇ ಒಂದು ಕಾಯಿದೆ ಮಾಡಿ, ಬೆಳೆ ಹಾಳುಮಾಡಿದ ದನವನ್ನು ದೊಡ್ಡಿಗೆ ಅಟ್ಟುವ ಅಧಿಕಾರವನ್ನು ರೈತನಿಗೆ ಕೊಟ್ಟಿತು. ದಂಡ ತೆತ್ತು ಬಿಡಿಸಿಕೊಳ್ಳುವುದು ದನದ ಒಡೆಯನ ಪಾಡು.

ಹಳೆಯ ಮೈಸೂರು ಸಂಸ್ಥಾನದಲ್ಲಿ ಇದಕ್ಕಿಂತ ದೊಡ್ಡ ಏರ್ಪಾಡೊಂದು ಇತ್ತು. 17ನೆಯ ಶತಮಾನದ ಕೊನೆಯಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲು ಬೆಣ್ಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ನಡೆಸಿದರು. ಟಿಪ್ಪುವಿನ ಕಾಲಕ್ಕೆ ಅದು ‘ಅಮೃತಮಹಲ್’ ಆಯಿತು. ಇಲಾಖೆಯ ರಾಸುಗಳಿಗೆಂದು ಚಿತ್ರದುರ್ಗ, ತುಮಕೂರು, ಹಾಸನ ಮೊದಲಾದ ಕಡೆ ವಿಶಾಲವಾದ ಹುಲ್ಲುಗಾವಲುಗಳನ್ನು ಮೀಸಲಿಟ್ಟು ಅವಕ್ಕೆ ‘ಕಾವಲು’ ಎಂದು ಕರೆದರು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ಕಾವಲುಗಳನ್ನು ವಿಂಗಡಿಸಿ, ಹಿಂಡನ್ನು ಒಂದರಿಂದ ಒಂದಕ್ಕೆ ನಡೆಸುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆಯ ಹುಲ್ಲಿಗೆ ವಿಶ್ರಾಂತಿ. ಇಷ್ಟನ್ನೆಲ್ಲ ಮಾಡಿದ್ದು ತಂತಿಯಲ್ಲ, ಮನುಷ್ಯರು. ಕನ್ನಡದಲ್ಲಿ ಕಾಯುವ ಕೆಲಸಕ್ಕೂ ಮೇಯುವ ನೆಲಕ್ಕೂ ‘ಕಾವಲು’ ಎಂಬ ಒಂದೇ ಮಾತಿರುವುದು ಅರ್ಥಪೂರ್ಣವಾಗಿದೆ.

ಈಗ ಅಮೆರಿಕದ ಕಡೆ ತಿರುಗೋಣ. ಅಲ್ಲಿನ ಪಶ್ಚಿಮದ ಬಯಲುಗಳಲ್ಲಿ ಸಾವಿರಾರು ದನಗಳು ಎಲ್ಲೆಯಿಲ್ಲದೆ ಮೇಯುತ್ತಿದ್ದವು. ಬೆಳೆ ಉಳಿಯಬೇಕಾದರೆ ರೈತನೇ ಬೇಲಿ ಹಾಕಿಕೊಳ್ಳಬೇಕಾಗಿತ್ತು. ಆದರೆ ಆ ಬಯಲಿನಲ್ಲಿ ಮರವೂ ವಿರಳ, ಕಲ್ಲೂ ವಿರಳ. ಇಲಿನಾಯ್ ಪ್ರಾಂತದ ಜೋಸೆಫ್ ಗ್ಲಿಡನ್ ಎಂಬ ರೈತ ಎರಡು ತಂತಿಗಳನ್ನು ಹೊಸೆದು ನಡುವೆ ಮುಳ್ಳು ಸಿಕ್ಕಿಸುವ ಉಪಾಯಕ್ಕೆ 1874ರ ನವೆಂಬರ್ 24ರಂದು ಪೇಟೆಂಟ್ ಪಡೆದನು. ಹತ್ತು ವರ್ಷ ತುಂಬುವುದರೊಳಗೆ ಮುಳ್ಳುತಂತಿ ಬಯಲನ್ನೆಲ್ಲ ಹಂಚಿಹಾಕಿತು. ಸ್ವಂತ ನೆಲವಿಲ್ಲದ ದನಗಾರರಿಗೆ ದಾರಿಯೂ ನೀರೂ ಮುಚ್ಚಿಹೋದವು. 1883ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ರಾತ್ರೋರಾತ್ರಿ ತಂತಿ ಕತ್ತರಿಸುವವರ ಗುಂಪುಗಳೆದ್ದವು. ಮರುವರ್ಷ ಸರ್ಕಾರ ಅದನ್ನು ಘೋರ ಅಪರಾಧವೆಂದು ಸಾರಿತು. 1885-86ರ ಚಳಿಗಾಲದಲ್ಲಿ ಹಿಮಗಾಳಿಗೆ ಬೆನ್ನುಕೊಟ್ಟು ದಕ್ಷಿಣಕ್ಕೆ ಹೊರಟ ದನಗಳು ಉದ್ದನೆಯ ತಂತಿಬೇಲಿಗೆ ಅಡ್ಡಬಿದ್ದು, ಮುಂದೆ ಹೋಗಲಾರದೆ ರಾಶಿರಾಶಿಯಾಗಿ ಸತ್ತವು. ಕಾಯುವವನಿದ್ದಿದ್ದರೆ ದಾರಿ ಬಿಡುತ್ತಿದ್ದ. ತಂತಿಗೆ ಆ ವಿವೇಕ ಎಲ್ಲಿಂದ ಬರಬೇಕು?

ಮುಳ್ಳುತಂತಿ ಚರ್ಮಕ್ಕೆ ಚುಚ್ಚಿ ತಡೆಯಿತು. ಮುಂದಿನ ಬೇಲಿ ನೆನಪಿಗೆ ಚುಚ್ಚಿ ತಡೆಯಿತು. 1930ರ ದಶಕದಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಊರಿನ ಬಿಲ್ ಗ್ಯಾಲಗರ್ ವಿದ್ಯುತ್ ಬೇಲಿಯನ್ನು ಬಳಕೆಗೆ ತಂದನು. ತನ್ನ ಕಾರಿಗೆ ಮೈ ಉಜ್ಜುತ್ತಿದ್ದ ಕುದುರೆಗೆ ಬುದ್ಧಿ ಕಲಿಸಲು ಕಾರಿಗೆ ಶಾಕ್ ಹೊಡೆಯುವ ಏರ್ಪಾಡು ಮಾಡಿದ್ದೇ ಇದರ ಮೂಲವೆಂದು ಕಥೆಯಿದೆ. ಶಾಲೆಯ ಭೌತಶಾಸ್ತ್ರ ನೆನಪಿರುವವರಿಗೆ ಇದು ಸುಲಭ. ತಂತಿಯಲ್ಲಿ ಸಾವಿರಾರು ವೋಲ್ಟಿನ ಮಿಡಿತ, ಸುಮಾರು ಸೆಕೆಂಡಿಗೊಮ್ಮೆ, ಕ್ಷಣಮಾತ್ರ. ಮುಟ್ಟಿದ ದನದ ಮೈಮೂಲಕ, ಕಾಲಿನ ಮೂಲಕ ನೆಲಕ್ಕೆ ಹರಿದು ಮಂಡಲ ಪೂರ್ಣವಾಗುತ್ತದೆ. ನೋವುಂಟು, ಅಪಾಯವಿಲ್ಲ. ಒಮ್ಮೆ ಅನುಭವಿಸಿದ ದನ ಕರೆಂಟು ಇಲ್ಲದ ದಿನವೂ ತಂತಿಯ ಬಳಿ ಸುಳಿಯುವುದಿಲ್ಲ. ಎಂದರೆ ಬೇಲಿಯ ಅರ್ಧ ಭಾಗ ಆಗಲೇ ದನದ ತಲೆಯೊಳಗೆ ಹೊಕ್ಕಿತ್ತು.

ಹಗುರವಾದ ಈ ತಂತಿಯಿಂದ ಹುಲ್ಲನ್ನು ಪಟ್ಟಿಪಟ್ಟಿಯಾಗಿ ಹಂಚುವುದು ಸಾಧ್ಯವಾಯಿತು. ಫ್ರಾನ್ಸಿನ ಆಂದ್ರೆ ವಾಜ಼ೆಂ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಷ್ಟು ದನ ಮೇಯ್ದವು ಎನ್ನುವುದಕ್ಕಿಂತ ಎಷ್ಟು ದಿನ ಮೇಯ್ದವು, ಆಮೇಲೆ ಹುಲ್ಲಿಗೆ ಎಷ್ಟು ದಿನ ಬಿಡುವು ಸಿಕ್ಕಿತು ಎನ್ನುವುದೇ ಮುಖ್ಯವೆಂದು ವಾದಿಸಿದನು. ನಮ್ಮ ಕಾವಲುಗಳ ಲೆಕ್ಕವೂ ಇಂಥದ್ದೇ. ಆದರೆ ಪ್ರತಿದಿನ ಗೂಟ ಕಿತ್ತು, ತಂತಿ ಸುತ್ತಿ, ಮತ್ತೆ ನೆಡುವವರು ಯಾರು? ಹಿಂಡನ್ನು ದಿನಕ್ಕೆರಡು ಸಲ ಹಾಲು ಕರೆಯುವ ಕೊಟ್ಟಿಗೆಗೆ ಹೊಡೆದುಕೊಂಡು ಬರುವವರು ಯಾರು? ಆಳಿನ ಕೊರತೆಯೇ ಮುಂದಿನ ಶೋಧಕ್ಕೆ ದಾರಿಯಾಯಿತು.

ಮೊದಲ ಹೆಜ್ಜೆ ದನಕ್ಕಲ್ಲ, ನಾಯಿಗೆ. ಅಮೆರಿಕದ ರಿಚರ್ಡ್ ಪೆಕ್ 1973ರಲ್ಲಿ ಪೇಟೆಂಟ್ ಪಡೆದ ಉಪಕರಣದಲ್ಲಿ ನೆಲದೊಳಗೆ ಹೂತ ತಂತಿ ರೇಡಿಯೋ ಸಂಕೇತ ಕೊಡುತ್ತಿತ್ತು, ನಾಯಿಯ ಕೊರಳಪಟ್ಟಿ ಅದನ್ನು ಗ್ರಹಿಸುತ್ತಿತ್ತು. ತಂತಿ ಇನ್ನೂ ಇತ್ತು, ಮಣ್ಣಿನಡಿ ಅಡಗಿತ್ತು ಅಷ್ಟೆ. ಅದನ್ನು ತೊಡೆದುಹಾಕಿದ್ದು ಆಕಾಶದ ಉಪಗ್ರಹಗಳು. ಸ್ಥಳ ತಿಳಿಸುವ ಜಿ.ಪಿ.ಎಸ್. ಸಂಕೇತಗಳನ್ನು ಅಮೆರಿಕ ಸರ್ಕಾರ ಸೈನ್ಯದ ದೃಷ್ಟಿಯಿಂದ ಜನಸಾಮಾನ್ಯರಿಗೆ ಬೇಕೆಂದೇ ಮಸುಕುಮಾಡಿ ಕೊಡುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆಯಿತು. ಹಸು ಎಲ್ಲಿ ನಿಂತಿದೆಯೆಂದು ಕೆಲವು ಮೀಟರುಗಳ ಅಂತರದಲ್ಲಿ ಹೇಳುವುದು ಅಗ್ಗವಾಯಿತು. ನ್ಯೂ ಮೆಕ್ಸಿಕೊದ ಹೊರ್ನಾಡಾ ಸಂಶೋಧನಾ ಕ್ಷೇತ್ರದಲ್ಲಿ ಡೀನ್ ಆಂಡರ್ಸನ್ ಎಂಬ ವಿಜ್ಞಾನಿ ದನದ ಎಡಕಿವಿಗೋ ಬಲಕಿವಿಗೋ ಸದ್ದು ಕೇಳಿಸಿ ಬೇಕಾದ ಕಡೆ ತಿರುಗಿಸುವ ಪ್ರಯೋಗಗಳನ್ನು ನಡೆಸಿದನು.

ಮುಂದೆ ಇದು ವ್ಯಾಪಾರವಾಯಿತು. ನಾರ್ವೆಯ ‘ನೋಫೆನ್ಸ್’ ಸಂಸ್ಥೆ ಆಡುಗಳಿಂದ ಆರಂಭಿಸಿತು. ಆಸ್ಟ್ರೇಲಿಯದ ಸಿ.ಎಸ್.ಐ.ಆರ್.ಓ. ಸಂಶೋಧನೆಯಿಂದ ಹುಟ್ಟಿದ ‘ಈ-ಶೆಫರ್ಡ್’ ಕೊರಳಪಟ್ಟಿಯನ್ನು 2021ರಲ್ಲಿ ಕೊಂಡದ್ದು ಬೇರೆ ಯಾರೂ ಅಲ್ಲ, ಅದೇ ಗ್ಯಾಲಗರ್ ಕಂಪನಿ! ನ್ಯೂಜಿಲೆಂಡಿನ ವೈಕಾಟೊ ಪ್ರದೇಶದ ಹೈನುಗಾರರ ಮನೆಯಲ್ಲಿ ಬೆಳೆದ ಕ್ರೇಗ್ ಪಿಗಟ್, ರಾಕೆಟ್ ಕಂಪನಿಯ ಕೆಲಸ ಬಿಟ್ಟು 2016ರಲ್ಲಿ ‘ಹಾಲ್ಟರ್’ ಸ್ಥಾಪಿಸಿದನು. ರೈತ ತನ್ನ ಫೋನಿನ ನಕ್ಷೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾನೆ, ಅದೇ ಬೇಲಿ. ಹಸು ಗೆರೆಯ ಬಳಿ ಬಂದರೆ ಕೊರಳಪಟ್ಟಿ ಸದ್ದುಮಾಡುತ್ತದೆ. ಲೆಕ್ಕಿಸದೆ ಮುಂದುವರಿದರೆ ಸಣ್ಣದೊಂದು ಶಾಕ್, ವಿದ್ಯುತ್ ಬೇಲಿಯದಕ್ಕಿಂತ ಎಷ್ಟೋ ಕಡಿಮೆ. ಕೆಲವು ದಿನಗಳ ಅಭ್ಯಾಸದ ಮೇಲೆ ಬಹುಪಾಲು ಹಸುಗಳು ಸದ್ದಿಗೇ ತಿರುಗುತ್ತವೆ. ಹಾಲು ಕರೆಯುವ ಹೊತ್ತಾದಾಗ ಪಟ್ಟಿ ಅದುರಿ ‘ನಡೆ’ ಎಂದು ಸೂಚಿಸುತ್ತದೆ. ಬಿಸಿಲೇ ಅದರ ಬ್ಯಾಟರಿಗೆ ಆಹಾರ. ಮೆಲುಕು ಹಾಕುವುದು ಕಡಿಮೆಯಾದರೆ, ಬೆದೆಗೆ ಬಂದರೆ ಅದನ್ನೂ ತಿಳಿಸುತ್ತದೆ.

ಆಕ್ಷೇಪಗಳು ಇಲ್ಲದಿಲ್ಲ. ಪ್ರಾಣಿಯ ಕೊರಳಿನಲ್ಲೇ ಶಾಕ್ ಕಟ್ಟುವುದು ಸರಿಯೇ ಎಂಬ ಪ್ರಶ್ನೆಯಿಂದಾಗಿ ಆಸ್ಟ್ರೇಲಿಯದ ಎಲ್ಲ ರಾಜ್ಯಗಳೂ ಇದಕ್ಕೆ ಒಮ್ಮೆಗೇ ಒಪ್ಪಿಗೆ ಕೊಡಲಿಲ್ಲ. ಕಣ್ಣಿಗೆ ಕಾಣುವ ತಂತಿಯಿಂದ ಹಸು ದೂರ ಸರಿಯಬಲ್ಲದು, ಕೊರಳಿನದರಿಂದ ಸರಿಯುವುದೆಲ್ಲಿಗೆ? ಸದ್ದು ಮೊದಲು, ಶಾಕ್ ಆಮೇಲೆ ಎಂಬ ಕ್ರಮ ತಪ್ಪದಿದ್ದರೆ ಮಾತ್ರ ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ಉಂಟು.

ಯೋಚಿಸಿ ನೋಡಿದರೆ ಈ ಹೊಸ ಕೊರಳಪಟ್ಟಿ ನಮ್ಮ ಹಳೆಯ ಮೂರು ವಸ್ತುಗಳನ್ನು ಒಂದುಗೂಡಿಸಿದೆ. ಎಲ್ಲಿದೆಯೆಂದು ತಿಳಿಸುವ ಗಂಟೆ, ಮಿತಿ ಮೀರದಂತೆ ತಡೆಯುವ ಮರದ ತುಂಡು, ತಿರುಗೆನ್ನುವ ಕೂಗು. ನೂರೈವತ್ತು ವರ್ಷ ತಂತಿಯನ್ನು ನಂಬಿದ ಮೇಲೆ ದನ ಮತ್ತೆ ಸದ್ದಿಗೆ ಕಿವಿಗೊಡುತ್ತಿದೆ. ವ್ಯತ್ಯಾಸವೆಂದರೆ, ಕೂಗುವವನು ಅಲ್ಲಿಲ್ಲ.

ಎರಡು ಮೂರು ಹಸು ಕಟ್ಟಿಕೊಂಡು ಹಾಲಿನ ಡೈರಿಗೆ ಹಾಲು ಹಾಕುವ ನಮ್ಮ ಊರಿನ ಮನೆಗಳಿಗೆ ತಿಂಗಳ ಬಾಡಿಗೆಯ ಈ ಪಟ್ಟಿ ಸದ್ಯಕ್ಕೆ ಹೊಂದಲಾರದು. ಅವರಿಗೆ ಹಗ್ಗವೇ ಸಾಕು. ನಮ್ಮ ಚಿಂತೆ ಬೇರೆ. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಬಳಿಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ನೆಲ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಗೋಡೆಗಳೆದ್ದವು, ವ್ಯಾಜ್ಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ದೇಶಕ್ಕೆ ಆ ಸಂಸ್ಥೆಗಳೂ ಬೇಕು ನಿಜ. ಆದರೆ ಕುರಿ ದನ ನಂಬಿದವರಿಗೆ ಗೋಡೆಯೂ ಟೆಕ್ಸಾಸಿನ ಮುಳ್ಳುತಂತಿಯೂ ಒಂದೇ. ಬೇಲಿ ಮರದ್ದಿರಲಿ, ತಂತಿಯದಿರಲಿ, ಗಾಳಿಯದಿರಲಿ, ಗೆರೆ ಎಳೆಯುವ ಬೆರಳು ಯಾರದು ಎಂಬುದೇ ಚರಿತ್ರೆ ಮತ್ತೆ ಮತ್ತೆ ಕೇಳಿರುವ ಪ್ರಶ್ನೆ. ಮುಂದೊಂದು ದಿನ ಕಾಣದ ಬೇಲಿ ನಮ್ಮ ನಾಡಿಗೂ ಬರಬಹುದು, ಬರಲಿ. ಅದು ಬರುವ ಹೊತ್ತಿಗೆ ಮೇಯಲು ಕಾವಲು ಉಳಿದಿರಬೇಕು ಅಷ್ಟೆ.