ಬೆಣ್ಣೆ ಚಾವಡಿಯಿಂದ ಕ್ಲೋನಿಂಗ್‌ವರೆಗೆ

ಬೀರೂರಿನಲ್ಲಿ ನಡೆಯುವ ಅಮೃತ್ ಮಹಲ್ ಹೋರಿಗರುಗಳ ಹರಾಜು ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಒಂದು ಹಬ್ಬವಿದ್ದಂತೆ. ಹಾವೇರಿ, ದಾವಣಗೆರೆ ಕಡೆಯಿಂದಲೂ ರೈತರು ಬರುತ್ತಾರೆ. ಕಾವಲಿನಲ್ಲಿ ಹಗ್ಗದ ಪರಿಚಯವಿಲ್ಲದೆ ಬೆಳೆದ ಕರುಗಳು ಮನುಷ್ಯರನ್ನು ಕಂಡರೆ ಬೆದರಿ ಎಗರುತ್ತವೆ. ಅವನ್ನು ಹಿಡಿದು ವಾಹನಕ್ಕೆ ಹತ್ತಿಸುವಷ್ಟರಲ್ಲಿ ಗಟ್ಟಿ ಆಳುಗಳೂ ಸುಸ್ತಾಗುತ್ತಾರೆ. ಜೋಡಿಗೆ ಲಕ್ಷ ರೂಪಾಯಿ ದಾಟಿದ ಕೂಗು ಕೇಳಿಬರುವುದು ಇಲ್ಲಿ ಹೊಸತಲ್ಲ.

ಅಂಥ ಒಂದು ಹರಾಜಿನಲ್ಲಿ ನಮ್ಮ ಪಕ್ಕದಲ್ಲಿ ನಿಂತಿದ್ದ ಹಿರಿಯ ರೈತರೊಬ್ಬರು ಕೇಳಿದರು: "ಸಾಬ್ರೇ, ಈಗ ಒಂದು ದನದಿಂದ ಅದೇ ಥರದ್ದು ಇನ್ನೊಂದು ಮಾಡ್ತಾರಂತಲ್ಲ. ಹಂಗಾದ್ರೆ ಈ ಕಾವಲು, ಈ ಹಿಂಡು ಎಲ್ಲಾ ಯಾಕೆ ಬೇಕು?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕ್ಲೋನಿಂಗ್ ಬಗ್ಗೆ ಮಾತು ಬಂದಾಗಲೆಲ್ಲ ನಾವು 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡಾಲಿ ಎಂಬ ಕುರಿಯಿಂದ ಆರಂಭಿಸುತ್ತೇವೆ. ಆದರೆ ಜೀವವನ್ನು ತನ್ನ ಅಗತ್ಯಕ್ಕೆ ತಕ್ಕಂತೆ ರೂಪಿಸುವ ಹಕ್ಕು ಮನುಷ್ಯನಿಗೆ ಎಲ್ಲಿಯವರೆಗೆ ಇದೆ ಎಂಬ ಪ್ರಶ್ನೆ ನಮ್ಮ ಈ ಕಾವಲುಗಳಲ್ಲಿ ಮುನ್ನೂರು ವರ್ಷಗಳಿಂದ ಮೇಯುತ್ತಿದೆ.

ಅಮೃತ್ ಮಹಲ್ ತಾನಾಗಿಯೇ ಹುಟ್ಟಿಕೊಂಡ ತಳಿಯಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳಿಂದ ಆರಿಸಿ ಆರಿಸಿ ಅರಸರು ಅದನ್ನು ಬೆಳೆಸಿದರು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಇದು 'ಬೆಣ್ಣೆ ಚಾವಡಿ' ಎಂಬ ಇಲಾಖೆಯಾಗಿತ್ತು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ದನಗಳ ಮೈಮೇಲೆ ಅರಸರ ಹೆಸರಿನ 'ದೇ' ಅಕ್ಷರದ ಮುದ್ರೆ ಇರುತ್ತಿತ್ತೆಂದು ಗೆಜೆಟಿಯರ್ ಹೇಳುತ್ತದೆ. ಜೀವದ ಮೇಲೆ ಒಡೆತನದ ಗುರುತು ಹಾಕುವ ಆಸೆ ಅಲ್ಲಿಗೇ ನಿಲ್ಲಲಿಲ್ಲ. ಡಾಲಿಯನ್ನು ಸೃಷ್ಟಿಸಿದ ಸಂಸ್ಥೆ ಕ್ಲೋನ್ ಮಾಡಿದ ಪ್ರಾಣಿಗಳ ಮೇಲೆಯೇ ಅಮೆರಿಕದಲ್ಲಿ ಪೇಟೆಂಟ್ ಕೇಳಿತು. 2014ರಲ್ಲಿ ಅಲ್ಲಿನ ನ್ಯಾಯಾಲಯ ಕೊಡಲಾಗದು ಎಂದಿತು.

ಹೈದರ್ ಅಲಿ ಈ ಹಾಲಿನ ಹಿಂಡನ್ನು ಯುದ್ಧದ ಹಿಂಡನ್ನಾಗಿ ಮಾಡಿದ. ಎರಡನೆಯ ಮೈಸೂರು ಯುದ್ಧದಲ್ಲಿ ಚಿದಂಬರಂ ರಕ್ಷಣೆಗೆಂದು ಆತ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ. ಟಿಪ್ಪು ಸುಲ್ತಾನ್ ಇಲಾಖೆಯ ಹೆಸರನ್ನು 'ಅಮೃತ್ ಮಹಲ್' ಎಂದು ಬದಲಿಸಿದ. ಅದಕ್ಕೊಂದು ಹುಕುಂನಾಮೆ ಹೊರಡಿಸಿದ. ಒಂದು ಸಂಸ್ಕೃತ ಪದ, ಒಂದು ಅರಬ್ಬಿ ಪದ. ಎರಡೂ ಸೇರಿ ಅಪ್ಪಟ ಕನ್ನಡದ ದನವೊಂದರ ಹೆಸರಾಗಿದೆ. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮಗೆ ಈ ಹೆಸರು ಕೇಳಿದಾಗಲೆಲ್ಲ ಖುಷಿಯಾಗುತ್ತದೆ. ತಮಾಷೆಯೆಂದರೆ ಹೆಸರಿನಲ್ಲಿ ಅಮೃತವಿದ್ದರೂ ಈ ಹಸುಗಳು ಕೊಡುವ ಹಾಲು ಬಹಳ ಕಡಿಮೆ. ಅದು ಕರುವಿಗೇ ಸಾಕು.

ಇದರಲ್ಲಿ ಪುಣ್ಯದ ಕೆಲಸವೇನೂ ಇರಲಿಲ್ಲ. ಫಿರಂಗಿ ಎಳೆಯಲು ಎತ್ತು ಬೇಕಿತ್ತು, ಬೆಳೆಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಕಂಪನಿಯ ಪಾಲಾಯಿತು. ಆರ್ಥರ್ ವೆಲ್ಲೆಸ್ಲಿಯೂ ಈ ಎತ್ತುಗಳನ್ನು ಮೆಚ್ಚಿಕೊಂಡವನೇ. ಆದರೆ 1860ರಲ್ಲಿ ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್‌ಗೆ ಇದೆಲ್ಲ ದಂಡದ ಖರ್ಚಾಗಿ ಕಂಡಿತು. ಮಿತವ್ಯಯದ ಹೆಸರಿನಲ್ಲಿ ಹಿಂಡನ್ನೇ ಮಾರಿಬಿಟ್ಟರು. ತಪ್ಪು ಅರಿವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1866ರಲ್ಲಿ ಅಲ್ಲಿ ಇಲ್ಲಿ ಚದುರಿದ್ದ ದನಗಳನ್ನು ಹುಡುಕಿ ಹಿಂಡನ್ನು ಮತ್ತೆ ಕಟ್ಟಿದರು. ಆ ಆರು ವರ್ಷಗಳಲ್ಲಿ ರಕ್ತ ಉಳಿದುಕೊಂಡದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ, ಕೊಂಡವರ ಕೊಟ್ಟಿಗೆಗಳಲ್ಲಿ.

ಈಗ ಧರ್ಮದ ಮಾತು. ಜಾನುವಾರುಗಳ ಕಿವಿ ಸೀಳುವುದನ್ನೂ ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದನ್ನೂ ಪವಿತ್ರ ಕುರ್‌ಆನ್ ಸೂರಾ ಅನ್ನಿಸಾದ 119ನೇ ಆಯತ್‌ನಲ್ಲಿ ಒಟ್ಟಿಗೆ ಪ್ರಸ್ತಾಪಿಸಿ, ಅವನ್ನು ಶೈತಾನನ ಪ್ರೇರಣೆಯೆಂದು ಎಚ್ಚರಿಸುತ್ತದೆ. ಕ್ಲೋನಿಂಗ್ ಚರ್ಚೆಯಲ್ಲಿ ಈ ಆಯತ್ ಮತ್ತೆ ಮತ್ತೆ ಬರುತ್ತದೆ. ಆದರೆ ಹಳೆಯ ವ್ಯಾಖ್ಯಾನಕಾರರಲ್ಲಿ ಹಲವರು ಇದೇ ಆಯತ್‌ನಡಿ ಚರ್ಚಿಸಿದ್ದು ಪ್ರಾಣಿಗಳ ಬೀಜ ಒಡೆಯುವುದನ್ನು. ಕೆಲವರು ಅದನ್ನು ನಿಷಿದ್ಧವೆಂದರು. ಹನಫೀ ವಿದ್ವಾಂಸರು ಪ್ರಯೋಜನವಿದ್ದರೆ ಆಗಬಹುದೆಂದರು. ಬೀಜ ಒಡೆಯದೆ ಹೋರಿ ಎತ್ತಾಗುವುದಿಲ್ಲ, ಎತ್ತಿಲ್ಲದೆ ಅಮೃತ್ ಮಹಲ್ ಇಲ್ಲ. ಹೀಗಾಗಿ 'ಸೃಷ್ಟಿಯಲ್ಲಿ ಕೈಯಾಡಿಸಬಾರದು' ಎಂಬ ಒಂದೇ ವಾಕ್ಯದಲ್ಲಿ ಚರ್ಚೆ ಮುಗಿಸುವವರು ತಮ್ಮ ಹೊಲದ ನೇಗಿಲಿನ ಮುಂದೆ ಯಾರಿದ್ದರೆಂದು ನೆನಪಿಸಿಕೊಳ್ಳಬೇಕು.

ಇಸ್ಲಾಮೀ ರಾಷ್ಟ್ರಗಳ ಸಂಘಟನೆಗೆ ಸೇರಿದ ಫಿಕ್ಹ್ ಅಕಾಡೆಮಿ 1997ರಲ್ಲಿ, ಡಾಲಿಯ ಸುದ್ದಿ ಹೊರಬಿದ್ದ ಕೆಲವೇ ತಿಂಗಳಲ್ಲಿ, ಜಿದ್ದಾದಲ್ಲಿ ಸೇರಿ ಎಳೆದ ಗೆರೆ ಇಲ್ಲೇ ಇದೆ. ಮನುಷ್ಯನ ಕ್ಲೋನಿಂಗ್ ಸಂಪೂರ್ಣ ನಿಷಿದ್ಧ; ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳಲ್ಲಿ ಹಿತ ಸಾಧಿಸುವ ಮತ್ತು ಹಾನಿ ತಡೆಯುವ ಮಿತಿಯೊಳಗೆ ಅನುಮತಿ. ಮನುಷ್ಯನಿಗೆ ವಂಶವಿದೆ, ತಂದೆ ತಾಯಿಯ ಹಕ್ಕಿದೆ, ವಾರಸುದಾರಿಕೆಯಿದೆ. ನಕಲಾಗಿ ಹುಟ್ಟಿದವನು ಯಾರ ಮಗ, ಯಾರ ತಮ್ಮ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯೂ ಕ್ಲೋನಿಂಗ್ ಮೂಲಕ ಮಗು ಪಡೆಯುವುದನ್ನು ನಿಷೇಧಿಸಿದೆ.

ಸ್ಟೆಮ್ ಸೆಲ್ ಅಥವಾ ಆಕರ ಕೋಶದ ವಿಷಯ ಬೇರೆ. 1998ರಲ್ಲಿ ಮಾನವ ಭ್ರೂಣದಿಂದ ಈ ಕೋಶಗಳನ್ನು ಬೇರ್ಪಡಿಸಿದಾಗ ಭ್ರೂಣ ನಾಶದ ಪ್ರಶ್ನೆ ಎದ್ದಿತು. 2006ರಲ್ಲಿ ಜಪಾನಿನ ಯಮನಾಕ, ಬೆಳೆದ ಇಲಿಯ ಸಾಮಾನ್ಯ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಅಂಥ ಕೋಶವನ್ನಾಗಿ ಮಾಡಿ ತೋರಿಸಿದರು. ಮರುವರ್ಷ ಮನುಷ್ಯನ ಕೋಶದಲ್ಲೂ ಅದು ಸಾಧ್ಯವಾಯಿತು. ಆ ಜಗಳ ಅರ್ಧ ತಣ್ಣಗಾಯಿತು. ನಮ್ಮ ದೇಶದ ಸಂಕಟ ಇನ್ನೊಂದು. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತ ಸಂಬಂಧಿ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದೆಲ್ಲ ಸ್ಟೆಮ್ ಸೆಲ್ ಚಿಕಿತ್ಸೆ ಇನ್ನೂ ಪ್ರಯೋಗವೇ. ಆದರೂ ನಮ್ಮ ಪರಿಚಯದ ಕುಟುಂಬವೊಂದು ನಡೆಯಲಾರದ ಮಗನಿಗಾಗಿ ತೋಟದ ಒಂದು ಭಾಗ ಮಾರಿ ಅಂಥ ಸೂಜಿ ಹಾಕಿಸಿತು. ಹುಡುಗ ಈಗಲೂ ನಡೆಯುವುದಿಲ್ಲ. ಆ ತಾಯಿಯ ಮುಂದೆ ಭ್ರೂಣದ ನೈತಿಕತೆಯ ಬಗ್ಗೆ ಮಾತನಾಡಲು ನಮಗೆ ಬಾಯಿ ಬರಲಿಲ್ಲ.

ಮತ್ತೆ ದನಕ್ಕೆ ಬರೋಣ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ 2009ರಲ್ಲಿ ಕ್ಲೋನ್ ಮಾಡಿದ ಎಮ್ಮೆಗರು ಹುಟ್ಟಿತು. 2023ರಲ್ಲಿ ಗಿರ್ ತಳಿಯ ಕರು ಹುಟ್ಟಿತು. ಅಮೃತ್ ಮಹಲ್‌ಗೂ ಇದು ಅಸಾಧ್ಯವೇನಲ್ಲ. ಆದರೆ ಡಾಲಿಗಾಗಿ 277 ಪ್ರಯತ್ನಗಳು ಬೇಕಾದವು; ಹುಟ್ಟಿದ್ದು ಒಂದು. ಒಂದೇ ಹಸುವಿನ ನಕಲುಗಳ ಹಿಂಡಿಗೆ ಒಂದು ರೋಗ ಬಂದರೆ ಎಲ್ಲಕ್ಕೂ ಬರುವ ಭಯ ಬೇರೆ. ಅದಕ್ಕಿಂತ ಮುಖ್ಯವಾಗಿ ಅಮೃತ್ ಮಹಲ್‌ನ ಕಸುವು ರಕ್ತದಲ್ಲಿ ಮಾತ್ರ ಇಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆಂದೇ ಬೇರೆ ಬೇರೆ ಕಾವಲುಗಳಿದ್ದವು. ನೀರು, ನೆರಳು, ಹುಲ್ಲು ನೋಡಿಕೊಂಡು ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಆ ನಡಿಗೆಯೇ ಅದರ ಗರಡಿ.

ಈ ಕಾವಲುಗಳು ಒತ್ತುವರಿಗೂ ಮಂಜೂರಾತಿಗೂ ಕರಗುತ್ತ ಬಂದಿವೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ಅದೂ ಕೃಷ್ಣಮೃಗಗಳ ಪುಣ್ಯದಿಂದ.

ಆ ದಿನ ಹರಾಜು ಮುಗಿಯುವ ಹೊತ್ತಿಗೆ ನಾವು ಆ ಹಿರಿಯರಿಗೆ ನ್ಯೂಜಿಲೆಂಡಿನ ಎಂಡರ್ಬಿ ದ್ವೀಪದ ಒಂದು ಹಸುವಿನ ಕಥೆ ಹೇಳಿದೆವು. ದ್ವೀಪದ ಗಿಡಮರ ಉಳಿಸಲೆಂದು 1990ರ ದಶಕದ ಆರಂಭದಲ್ಲಿ ಅಲ್ಲಿನ ದನಗಳನ್ನು ಗುಂಡಿಟ್ಟು ಕೊಂದರು. ಕೊನೆಗೆ ಆ ತಳಿಯಲ್ಲಿ ಒಂದೇ ಹಸು ಉಳಿಯಿತು. 1998ರಲ್ಲಿ ವಿಜ್ಞಾನಿಗಳು ಅದರ ಕ್ಲೋನ್ ಮಾಡಿದರು.

ಅವರು ಬೀಡಿ ಆರಿಸಿ ಕೇಳಿದರು: "ಕೊಂದೋರೇ ಮಾಡಿಸಿದ್ರಾ?"

ಬೇರೆ ಬೇರೆ ಇಲಾಖೆಯವರು ಎಂದೆವು. ಅವರು ನಕ್ಕು, ತಾವು ಕೂಗಿ ಕೊಂಡಿದ್ದ ಜೋಡಿಗೆ ಹಗ್ಗ ತರಲು ಹೊರಟರು.