ಮ್ಯೂರ್ ವುಡ್ಸ್ ಉಳಿಸಿದ ಕೆಂಟ್

ಬೇ ಏರಿಯಾಕ್ಕೆ ಬಂದ ನಮ್ಮವರೆಲ್ಲ ಒಮ್ಮೆಯಾದರೂ ಮ್ಯೂರ್ ವುಡ್ಸ್‌ಗೆ ಹೋಗಿ, ಕತ್ತೆತ್ತಿ ನೋಡಿ, ಫೋಟೋ ಹೊಡೆಸಿಕೊಂಡವರೇ. ನಾನೂ ಅಷ್ಟೇ. ಆರೇಳು ನೂರು ವರ್ಷದ ರೆಡ್‌ವುಡ್ ಮರಗಳು, ಅತಿ ಎತ್ತರದ್ದು ಸುಮಾರು 258 ಅಡಿ! ಕಾಡಿನ ಕಥೆ ಓದಿದ್ದು ಮಾತ್ರ ಆಮೇಲೆ.

1905ರಲ್ಲಿ ವಿಲಿಯಂ ಕೆಂಟ್ ಮತ್ತು ಹೆಂಡತಿ ಎಲಿಜಬೆತ್ 45,000 ಡಾಲರ್ ಕೊಟ್ಟು ಇಲ್ಲಿ 611 ಎಕರೆ ಕೊಂಡರು. 1907ರಲ್ಲಿ ನೀರಿನ ಕಂಪನಿಯೊಂದು ಇದೇ ಕಣಿವೆಯಲ್ಲಿ ಅಣೆಕಟ್ಟು ಕಟ್ಟಲು ಜಾಗ ಕೊಡಿಸಿ ಅಂತ ಕೋರ್ಟಿಗೆ ಹೋಯಿತು. ಖಾಸಗಿ ಜಮೀನನ್ನು ಹಾಗೆ ಬಲವಂತವಾಗಿ ಪಡೆಯಬಹುದಿತ್ತು, ಕೇಂದ್ರ ಸರ್ಕಾರದ್ದನ್ನಲ್ಲ. ಕೆಂಟ್ ಏನು ಮಾಡಿದ ಗೊತ್ತಾ? 295 ಎಕರೆ ಸರ್ಕಾರಕ್ಕೇ ದಾನ ಕೊಟ್ಟುಬಿಟ್ಟ! 1908ರ ಜನವರಿ 9ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದ. ನಿನ್ನ ಹೆಸರೇ ಇಡೋಣ ಅಂದರೆ ಕೆಂಟ್ ಒಪ್ಪಲಿಲ್ಲ, ನನ್ನ ಹೆಸರು ಉಳಿಸೋಕೆ ಗಂಡುಮಕ್ಕಳಿದ್ದಾರೆ ಅಂದ. ಕಾಡುಗಳಿಗಾಗಿ ಹೋರಾಡುತ್ತಿದ್ದ ಜಾನ್ ಮ್ಯೂರ್ ಹೆಸರೇ ಉಳಿಯಿತು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು...

1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನೀರಿಗಾಗಿ ಯೊಸೆಮಿಟಿಯ ಹೆಚ್ ಹೆಚಿ ಕಣಿವೆಯನ್ನು ಮುಳುಗಿಸುವ ಮಸೂದೆ ಬಂತು. ಮ್ಯೂರ್ ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದ. ಅಷ್ಟರಲ್ಲಿ ಸಂಸದನಾಗಿದ್ದ ಕೆಂಟ್ ಅಣೆಕಟ್ಟಿನ ಪರ ನಿಂತ! ನೀರು ಖಾಸಗಿ ಕಂಪನಿಗಳ ಕೈಯಲ್ಲಿರಬಾರದು ಅನ್ನುವುದು ಅವನ ವಾದ, ಅದನ್ನು ತಳ್ಳಿಹಾಕುವ ಹಾಗೂ ಇಲ್ಲ. ಮಸೂದೆ ಪಾಸಾಯಿತು, ಮ್ಯೂರ್ ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡ.

ಇನ್ನೊಂದು ವಿಷಯ. ಏಷ್ಯಾದವರು ಇಲ್ಲಿಗೆ ವಲಸೆ ಬರಬಾರದು, ಜಮೀನು ಕೊಳ್ಳಬಾರದು ಅಂತ ವಾದಿಸಿದವನೂ ಇದೇ ಕೆಂಟ್. ಅವನು ಉಳಿಸಿದ ಮರದ ಬುಡದಲ್ಲಿ ನಾನು ಹಲ್ಲು ಕಿರಿದು ನಿಂತ ಫೋಟೋಕ್ಕೆ ಅಮ್ಮ ಫ್ರೇಮ್ ಹಾಕಿಸಿ ಟಿವಿ ಪಕ್ಕ ಇಟ್ಟಿದ್ದಾರೆ.