ಯಲ್ಲಾಪುರದಲ್ಲಿ ಅಕ್ಷರ ಎಷ್ಟು?

ಪೈಥಾನ್ ಕಲಿಯಲು ಹೊರಟವರು ಮೊದಲ ದಿನವೇ ಎಣಿಸಿ ನೋಡಬೇಕಾದ ಮೂರು ಊರುಗಳ ಹೆಸರುಗಳಿವೆ: ಶಿರಸಿ, ಸಿದ್ದಾಪುರ, ಯಲ್ಲಾಪುರ. ಕನ್ನಡ ಶಾಲೆಯ ಮಗು ಬೆರಳು ಮಡಚುತ್ತ 3, 4, 4 ಎನ್ನುತ್ತದೆ. ಪೈಥಾನಿನಲ್ಲಿ ಪದದ ಉದ್ದ ಹೇಳುವ 'ಲೆನ್' ಮಾತ್ರ 5, 9, 8 ಎನ್ನುತ್ತದೆ. ಎರಡೂ ಸರಿ, ಎಣಿಸಿದ ವಸ್ತು ಬೇರೆ.

ಈ ಎಣಿಕೆ ನಮಗೆ ಹಳೆಯದು. ಶಿರಸಿ ತಾಲ್ಲೂಕಿನ ಬನವಾಸಿಗಾಗಿ ಹಂಬಲಿಸಿದ ಪಂಪ 10ನೇ ಶತಮಾನದಲ್ಲೇ ವೃತ್ತಗಳಲ್ಲಿ ಬರೆದ. ಚಂಪಕಮಾಲೆಯಲ್ಲಿ ಸಾಲಿಗೆ 21 ಅಕ್ಷರ, ಉತ್ಪಲಮಾಲೆಯಲ್ಲಿ 20. ಷಟ್ಪದಿ ಬಂದಾಗ ಲೆಕ್ಕ ಅಕ್ಷರದಿಂದ ಮಾತ್ರೆಗೆ ಹೊರಳಿತು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಯಕ್ಷಗಾನ ಕೇಳಿ ಬೆಳೆದವರಿಗೆ ಭಾಮಿನಿಯ ಮೂರು-ನಾಲ್ಕರ ನಡೆ ಪುಸ್ತಕಕ್ಕಿಂತ ಮೊದಲು ಕಿವಿಗೇ ಗೊತ್ತು. ಕನ್ನಡದ ಹೊರಗೆ, 9ನೇ ಶತಮಾನದ ಅರಬ್ ವಿದ್ವಾಂಸ ಅಲ್-ಕಿಂದಿ ಗುಪ್ತಲಿಪಿ ಒಡೆಯಲು ಅಕ್ಷರ ಎಣಿಸಿದ. 1913ರಲ್ಲಿ ರಷ್ಯಾದ ಗಣಿತಜ್ಞ ಮಾರ್ಕೋವ್ ಪುಷ್ಕಿನ್ನನ ಕಾವ್ಯದ 20,000 ಅಕ್ಷರಗಳನ್ನು ಕೈಯಲ್ಲೇ ಎಣಿಸಿದ.

ಕಂಪ್ಯೂಟರಿನಲ್ಲಿ ಕನ್ನಡದ ಎಣಿಕೆ ಮೊದಲು ಕೆಟ್ಟಿತು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರದ ತುಂಡುಗಳನ್ನು ಕೂರಿಸಿದ್ದವು. ಆ ಕಡತದಲ್ಲಿ ಎಣಿಸಿದರೆ ಸಿಗುತ್ತಿದ್ದುದು ತುಂಡುಗಳ ಸಂಖ್ಯೆ. 1991ರ ಯೂನಿಕೋಡ್ ಕನ್ನಡಕ್ಕೆ ಅದರದೇ ಸಂಕೇತಗಳನ್ನು ಕೊಟ್ಟಿತು. 2008ರ ಪೈಥಾನ್ 3 ಪಠ್ಯವೆಂದರೆ ಯೂನಿಕೋಡೇ ಎಂದು ಒಪ್ಪಿತು. ಆದರೂ 'ಯಲ್ಲಾಪುರ' ಅಲ್ಲಿ ಯ, ಲ, ಹಲಂತ, ಲ, ಇಳಿ, ಪ, ಕೊಂಬು, ರ ಎಂಬ ಎಂಟು ಸಂಕೇತ. ಓದುಗನ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದೆಂದೇ ಎಣಿಸುವ ಯೂನಿಕೋಡ್ ನಿಯಮವೂ ಇದೆ. ಅದು ಕಾಗುಣಿತವನ್ನು ಕೂಡಿಸುತ್ತದೆ, ಒತ್ತಕ್ಷರವನ್ನು ಒಡೆಯುತ್ತದೆ: ಲ್, ಲಾ ಬೇರೆಯಾಗಿ ಒಟ್ಟು 5. 2023ರ ಯೂನಿಕೋಡ್ 15.1ನೇ ಆವೃತ್ತಿ ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಆರು ಲಿಪಿಗಳಿಗೆ ಈ ಒಡಕನ್ನು ತಿದ್ದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಇದು ನನಗೆ ನೋವಿನ ಸಂಗತಿ.

ಹಾಗೆಂದು ಹೊಸಬರು ಕಾಯಬೇಕಿಲ್ಲ. ಸಂಕೇತಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಸ್ವರವೋ ವ್ಯಂಜನವೋ ಬಂದು, ಅದರ ಹಿಂದೆ ಹಲಂತ ಇಲ್ಲದಿದ್ದರೆ ಎಣಿಕೆಗೆ ಒಂದು ಸೇರಿಸಿ. ಮೂರು ಊರುಗಳೂ 3, 4, 4 ಆಗುತ್ತವೆ. ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ಕನ್ನಡದಲ್ಲೇ ಹೆಸರಿಡಬಹುದು. 'ಎಕ್ಸ್', 'ವೈ' ಬದಲು 'ಎಣಿಕೆ', 'ಹಿಂದಿನದು' ಎಂದು ಬರೆದ ಕೋಡನ್ನು ಆರು ತಿಂಗಳ ನಂತರ ತೆರೆದರೂ ಅರ್ಥ ಕೇಳಬೇಕಾಗುವುದಿಲ್ಲ. ಒತ್ತು ಗುರುತಿಸುವ ಸಾಲನ್ನು ಬೇರೆ ಫಂಕ್ಷನ್ ಮಾಡಿ 'ಒತ್ತಕ್ಷರವೇ' ಎಂದು ಕರೆದರೆ ನಿಯಮವೇ ವಾಕ್ಯದಂತೆ ಓದಿಸಿಕೊಳ್ಳುತ್ತದೆ.

ಆದರೆ ವ್ಯಂಜನದಲ್ಲೇ ಮುಗಿಯುವ 'ಪೆನ್' ಬಂದಾಗ ಇದೇ ಕೋಡ್ 2 ಎನ್ನುತ್ತದೆ. ಛಂದಸ್ಸಿನವರಿಗೆ ಅದು ಒಂದೇ ಅಕ್ಷರ, ಅದೂ ಗುರು, ಎಂದರೆ ಎರಡು ಮಾತ್ರೆ. ಅಲ್ಲಿಂದ ಮುಂದಿನ ಪಾಠ ಮಾತ್ರೆಯದು: ಒತ್ತಕ್ಷರದ ಹಿಂದಿನದು ಗುರುವಾಗಬೇಕು, ಹಾಗಾಗಿ ಕೋಡ್ ಮುಂದಕ್ಕೂ ಇಣುಕಬೇಕು. ಆಗ ಶಿರಸಿಗೆ 3 ಮಾತ್ರೆ, ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ತಲಾ 6.